ಹಾಡು ಪ್ರತಿಭಾ ಕಾರಂಜಿಗೆ ಮಾತ್ರ ಸಾಕೇ?

ಪ್ರತಿಭಾ ಕಾರಂಜಿ ಹತ್ತಿರ ಬಂತೆಂದರೆ ಶಾಲೆಗಳಲ್ಲಿ ಗಡಿಬಿಡಿ ಶುರು. ಖವ್ವಾಲಿಗೆ ಯಾರು, ಜಾನಪದ ಗೀತೆಗೆ ಯಾರು, ಅರೇಬಿಕ್ ಪಠಣಕ್ಕೆ ಯಾರು? ಸಂಗೀತದ ಮೇಷ್ಟ್ರು ಇಲ್ಲದ ಕಡೆ ಗಣಿತದ ಟೀಚರೇ ಮೊಬೈಲಲ್ಲಿ ಹಾಡು ಹಾಕಿ ಕಲಿಸಬೇಕು. ಕೆಲವು ದಿನ ತಾಲೀಮು, ಒಂದು ದಿನ ಸ್ಪರ್ಧೆ. ಆಮೇಲೆ ಮುಂದಿನ ವರ್ಷದ ತನಕ ಹಾಡಿಗೆ ಬೀಗ. ಟ್ಯೂಷನ್‌ಗೆ ದುಡ್ಡಿರುವ ಮನೆಯ ಮಗು ಗೆಲ್ಲುತ್ತದೆ. ಭಟ್ಕಳದ ಬಂದರಿನಲ್ಲೋ ಕುಮಟಾದ ಹಳ್ಳಿಯಲ್ಲೋ ಇರುವ ಒಳ್ಳೆಯ ಕಂಠ ಯಾರ ಕಿವಿಗೂ ಬೀಳದೆ ಹೋಗುತ್ತದೆ.

ಇದು ಯಾರೋ ಮಾಡುವ ಉಪಕಾರದ ಮಾತಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಇದೆ: ಆರರಿಂದ ಎಂಟನೇ ತರಗತಿವರೆಗೆ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು. ನಮ್ಮ ಕರಾವಳಿ, ಘಟ್ಟದಂಚಿನ ಸಣ್ಣ ಶಾಲೆಗಳಿಗೆ ಈ ನೂರರ ಲೆಕ್ಕವೇ ಅಡ್ಡಿ. ಹತ್ತಿರದ ನಾಲ್ಕೈದು ಶಾಲೆಗಳಿಗೆ ಸೇರಿ ಒಬ್ಬ ಬೋಧಕರನ್ನು ಕೊಟ್ಟರೆ ಅದಕ್ಕೂ ದಾರಿ ಆಗುತ್ತದೆ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿದೆ. ಇದನ್ನು ಕೇಳಲು ಇದೇ ಸಮಯ.

ಹೊನ್ನಾವರದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗುಣವಂತೆಯ ಕೆರೆಮನೆ ಯಕ್ಷಗಾನ ಮಂಡಳಿ ಹುಟ್ಟಿದ್ದು 1934ರಲ್ಲಿ. ಅಲ್ಲಿ ತಾಳ, ಪದ, ಹೆಜ್ಜೆಯನ್ನು ವರ್ಷಗಟ್ಟಲೆ ಕಲಿಯುತ್ತಾರೆ. ಹದಿನೈದು ದಿನದಲ್ಲಿ ಯಾರೂ ಭಾಗವತರಾಗುವುದಿಲ್ಲ.

ತಲಪಾಡಿ ದಾಟಿದರೆ ಕಾಸರಗೋಡು. ಕೇರಳದ ಶಾಲಾ ಕಲೋತ್ಸವದಲ್ಲಿ ದಫ್, ಕೋಲ್ಕಳಿ, ಒಪ್ಪನ, ಮಾಪ್ಪಿಳ ಪಾಟ್ಟ್ ಎಲ್ಲಕ್ಕೂ ಪ್ರತ್ಯೇಕ ಸ್ಪರ್ಧೆ ಇದೆ. ನಮ್ಮ ಮದುವೆ ಮನೆಯ ಹಾಡಿಗೆ ಅಲ್ಲಿ ಶಾಲೆಯ ವೇದಿಕೆಯಲ್ಲೇ ಮರ್ಯಾದೆ. ಇಲ್ಲಿ ಅಜ್ಜಿಯೊಟ್ಟಿಗೆ ಬ್ಯಾರಿ ಹಾಡೂ ಹೋಗಿಬಿಡುತ್ತಿದೆ.

ವಾದ್ಯಗಳ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯ ಇದೆ, ಅದನ್ನು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ವಾದ್ಯ ಬೇಡವೆನ್ನುವ ಪೋಷಕರ ಮಾತಿಗೆ ಶಾಲೆ ಬೆಲೆ ಕೊಡಲಿ. ಬರೀ ಕಂಠ, ಚಪ್ಪಾಳೆಯ ತಾಳದಲ್ಲೂ ಕಲಿಯುವುದು ಬೇಕಾದಷ್ಟಿದೆ. ಕುರ್‌ಆನ್ ಪಾರಾಯಣವನ್ನು ನಾವು ಸಂಗೀತ ಅನ್ನುವುದಿಲ್ಲ. ಆದರೆ ತಜ್ವೀದ್ ಕಲಿತ ಮಗುವಿಗೆ ಉಸಿರು ಹಿಡಿಯುವುದು, ಅಕ್ಷರ ಎಲ್ಲಿಂದ ಹೊರಡಬೇಕು, ಎಷ್ಟು ಎಳೆಯಬೇಕು ಎಂಬ ಶಿಸ್ತು ಮದ್ರಸದಲ್ಲೇ ಸಿಕ್ಕಿರುತ್ತದೆ. ಅದೇ ಶಿಸ್ತು ಕನ್ನಡ ಪದ್ಯಕ್ಕೂ ಬಂದರೆ ಮನೆಯಲ್ಲಿ ಬ್ಯಾರಿ ಅಥವಾ ನವಾಯತಿ ಮಾತಾಡುವ ಮಗುವಿನ ನಾಲಿಗೆ ಹಗುರಾಗುತ್ತದೆ. ಹತ್ತು ಜನರೊಟ್ಟಿಗೆ ಹಾಡುವಾಗ ಪಕ್ಕದವನ ದನಿ ಕೇಳಿಸಿಕೊಳ್ಳಲೇಬೇಕು. ಈ ಕರಾವಳಿಯಲ್ಲಿ ಅದಕ್ಕಿಂತ ದೊಡ್ಡ ಪಾಠ ಯಾವುದಿದೆ?

ಮುಂದಿನ ಎಸ್‌ಡಿಎಂಸಿ ಸಭೆಗೆ ಹೋದಾಗ ಬಿಸಿಯೂಟ, ಕಟ್ಟಡದ ಜೊತೆ ಇನ್ನೊಂದು ಮಾತೂ ಕೇಳೋಣ: ನಮ್ಮ ಮಕ್ಕಳಿಗೆ ಕಲಾ ಬೋಧಕರು ಯಾವಾಗ ಬರ್ತಾರೆ? ಉತ್ತರ ಏನೇ ಇರಲಿ, ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಮನೆಗೆ ಬರೋಣ.