ಹಿಗ್ಗಬೇಕಾದಲ್ಲಿ ಕುಗ್ಗುವ ಪರಮಾಣು

ಆವರ್ತ ಕೋಷ್ಟಕದ ಮೂರನೆಯ ಸಾಲಿನಲ್ಲಿ ಸೋಡಿಯಂನಿಂದ ಕ್ಲೋರಿನ್‌ನತ್ತ ಸಾಗಿದಂತೆ ಪರಮಾಣುವಿಗೆ ಒಂದೊಂದೇ ಎಲೆಕ್ಟ್ರಾನ್ ಸೇರುತ್ತ ಹೋಗುತ್ತದೆ. ಹಾಗಾದರೆ ಪರಮಾಣು ಹಿಗ್ಗಬೇಕಲ್ಲವೆ? ಆಗುವುದು ತದ್ವಿರುದ್ಧ. ಸೋಡಿಯಂ ಪರಮಾಣುವಿನ ತ್ರಿಜ್ಯ ಸುಮಾರು 186 ಪಿಕೋಮೀಟರ್; ಕ್ಲೋರಿನ್‌ನದು ಸುಮಾರು 99 ಮಾತ್ರ. (ಮೀಟರಿನ ಲಕ್ಷ ಕೋಟಿಯಲ್ಲೊಂದು ಭಾಗವೇ ಪಿಕೋಮೀಟರ್.)

ಕಾರಣವಿಷ್ಟೆ. ಹೊರಗೆ ಒಂದು ಎಲೆಕ್ಟ್ರಾನ್ ಸೇರಿದಾಗ ಒಳಗೆ ನ್ಯೂಕ್ಲಿಯಸ್ಸಿನಲ್ಲಿ ಒಂದು ಪ್ರೋಟಾನ್ ಕೂಡ ಹೆಚ್ಚುತ್ತದೆ. ಹೊಸ ಎಲೆಕ್ಟ್ರಾನ್ ಅದೇ ಹೊರಕವಚದಲ್ಲಿ ನೆಲೆಸುತ್ತದೆ. ಒಂದೇ ಕವಚದ ಎಲೆಕ್ಟ್ರಾನುಗಳು ಒಂದಕ್ಕೊಂದು ಅಷ್ಟಾಗಿ ಮರೆಯಾಗಲಾರವು. ಹೀಗಾಗಿ ಸೆಳೆತ ಬಲಗೊಂಡು ಇಡೀ ಕವಚವೇ ಒಳಕ್ಕೆ ಜಗ್ಗುತ್ತದೆ. ಕಂಬಸಾಲಿನಲ್ಲಿ ಕೆಳಗಿಳಿದರೆ ಹಾಗಲ್ಲ. ಪ್ರತಿ ಹೆಜ್ಜೆಗೂ ಹೊಸ ಕವಚವೊಂದು ಸೇರುವುದರಿಂದ ಪರಮಾಣು ಸಾಮಾನ್ಯವಾಗಿ ದೊಡ್ಡದಾಗುತ್ತದೆ.

'ಸಾಮಾನ್ಯವಾಗಿ' ಎಂದದ್ದಕ್ಕೆ ಕಾರಣವಿದೆ. ಜಿರ್ಕೋನಿಯಂ (40) ಕೆಳಗೆ ಹಾಫ್ನಿಯಂ (72) ಇದೆ. ಒಂದು ಕವಚ ಹೆಚ್ಚಿದ್ದರೂ ಇವುಗಳ ತ್ರಿಜ್ಯ ಕ್ರಮವಾಗಿ ಸುಮಾರು 160 ಮತ್ತು 159 ಪಿಕೋಮೀಟರ್! ಇವೆರಡರ ನಡುವೆ ಲ್ಯಾಂಥನೈಡ್‌ಗಳು ಬರುತ್ತವೆ. ಅಲ್ಲಿ ಹೊಸ ಎಲೆಕ್ಟ್ರಾನುಗಳು ಒಳಗಿನ 4ಎಫ್ ಉಪಕವಚಕ್ಕೆ ಸೇರುತ್ತವೆ. ನ್ಯೂಕ್ಲಿಯಸ್ಸಿನ ಸೆಳೆತಕ್ಕೆ ಅವು ತೀರ ದುರ್ಬಲ ಮರೆ. ಆದ್ದರಿಂದ ಪರಮಾಣು ಕುಗ್ಗುತ್ತಲೇ ಸಾಗುತ್ತದೆ. ಇದೇ 'ಲ್ಯಾಂಥನೈಡ್ ಸಂಕೋಚನ'.

ಒಂದೇ ಅಳತೆಯ ಈ ಜೋಡಿ ಅದಿರಿನಲ್ಲೂ ಒಟ್ಟಿಗೇ ಇರುತ್ತದೆ. ಕ್ಲಾಪ್ರೋಟ್ 1789ರಲ್ಲಿ ಜಿರ್ಕೋನಿಯಂ ಗುರುತಿಸಿದರೂ ಅದರ ಮರೆಯಲ್ಲಿದ್ದ ಹಾಫ್ನಿಯಂ ಪತ್ತೆಯಾಗಲು 1923 ಬರಬೇಕಾಯಿತು. ಕೋಪನ್‌ಹೇಗನ್‌ನಲ್ಲಿ ಕೋಸ್ಟರ್ ಮತ್ತು ಹೆವೆಶಿ ಎಕ್ಸ್-ಕಿರಣ ರೋಹಿತದ ನೆರವಿನಿಂದ ಅದನ್ನು ಕಂಡುಹಿಡಿದರು. ಆ ನಗರದ ಲ್ಯಾಟಿನ್ ಹೆಸರು ಹಾಫ್ನಿಯಾ.

ನಮ್ಮ ಕೈಗಾ ಅಣುಸ್ಥಾವರಕ್ಕೂ ಇದರ ನಂಟಿದೆ. ಅಲ್ಲಿ ಯುರೇನಿಯಂ ಇಂಧನ ತುಂಬುವ ಕೊಳವೆಗಳು ಜಿರ್ಕೋನಿಯಂ ಮಿಶ್ರಲೋಹದವು. ಜಿರ್ಕೋನಿಯಂ ನ್ಯೂಟ್ರಾನ್‌ಗಳನ್ನು ಬಹುತೇಕ ಹೀರುವುದಿಲ್ಲ. ಹಾಫ್ನಿಯಂ ನೂರಾರು ಪಟ್ಟು ಹೆಚ್ಚು ಹೀರುತ್ತದೆ. ಸರಪಳಿ ಕ್ರಿಯೆ ನಡೆಯಲು ನ್ಯೂಟ್ರಾನ್ ಬೇಕೇ ಬೇಕು. ಆದ್ದರಿಂದ ಕೊಳವೆ ತಯಾರಿಸುವ ಮೊದಲೇ ಈ ಅವಳಿಗಳನ್ನು ಶ್ರಮಪಟ್ಟು ಬೇರ್ಪಡಿಸಬೇಕು.

'ಬಲಕ್ಕೆ ಕಿರಿದು, ಕೆಳಕ್ಕೆ ಹಿರಿದು' ಎಂದಷ್ಟೇ ಬಾಯಿಪಾಠ ಮಾಡಿದವರಿಗೆ ಹಾಫ್ನಿಯಂ ಒಂದು ಅಪವಾದ. ಸೆಳೆತ ಮತ್ತು ಮರೆಯ ಲೆಕ್ಕ ತಿಳಿದವರಿಗೆ ಅದೂ ನಿಯಮವೇ.