ಓಪನ್ ದಿ ಡೋರ್ಸ್ ಆಫ್ ದಿ ವಿಂಡೋ

ಮೊನ್ನೆ ಶುಕ್ರವಾರ ಮಧ್ಯಾಹ್ನ ಮತ್ತೆ ಆ ಮೇಲ್ ಬಂತು. ಸಬ್ಜೆಕ್ಟ್ ಲೈನಿನಲ್ಲಿ ಏಳು ಸಲ 'ಎಫ್‌ಡಬ್ಲ್ಯೂ', ಕೊನೆಗೆ 'ಹೈಸ್ಕೂಲ್ ಡೇಸ್, ಮಸ್ಟ್ ರೀಡ್'. ನಿಮಗೂ ಬಂದಿರುತ್ತೆ. ಬೆಂಗಳೂರಲ್ಲಿ ಇನ್‌ಬಾಕ್ಸ್ ಅಂತ ಒಂದು ಇಟ್ಟುಕೊಂಡಿರೋ ಯಾವ ನರಪ್ರಾಣಿಯೂ ಇದರಿಂದ ತಪ್ಪಿಸಿಕೊಂಡಿಲ್ಲ. ಯಾವುದೋ ಹೈಸ್ಕೂಲಿನ ಪಿಟಿ ಮೇಷ್ಟ್ರ ಇಂಗ್ಲಿಷ್ ನುಡಿಮುತ್ತುಗಳು. 'ಓಪನ್ ದಿ ಡೋರ್ಸ್ ಆಫ್ ದಿ ವಿಂಡೋ, ಲೆಟ್ ದಿ ಏರ್‌ಫೋರ್ಸ್ ಕಮ್ ಇನ್.' 'ಐ ಹ್ಯಾವ್ ಟೂ ಡಾಟರ್ಸ್, ಬೋತ್ ಆರ್ ಗರ್ಲ್ಸ್.' 'ಬೋತ್ ಆಫ್ ಯೂ ತ್ರೀ, ಸ್ಟ್ಯಾಂಡ್ ಟುಗೆದರ್ ಸೆಪರೇಟ್ಲಿ.' ಇಂಥವು ಒಂದಿಪ್ಪತ್ತು. ಕಳಿಸಿದವನು ಮೇಲೆ ಒಂದು ಸಾಲು ಸೇರಿಸಿದ್ದ: ಇದು ನಮ್ಮ ಸ್ಕೂಲಲ್ಲೇ ನಡೆದಿದ್ದು ಗುರು, ಪ್ರಾಮಿಸ್.

ಪ್ರಾಮಿಸ್ಸಂತೆ! ನನ್ನ ಪಕ್ಕದ ಕ್ಯೂಬಿಕಲ್ಲಿನ ಗುಂಟೂರಿನ ಹುಡುಗನ ಹತ್ರ ಇದೇ ಪಟ್ಟಿ ಇದೆ, ಅವನ ಪ್ರಕಾರ ಇದು ಅವನ ಸ್ಕೂಲಲ್ಲಿ ನಡೆದಿದ್ದು. ಮಧುರೈಯವಳ ಹತ್ರಾನೂ ಇದೆ. ದಕ್ಷಿಣ ಭಾರತಕ್ಕೆಲ್ಲಾ ಒಬ್ಬರೇ ಪಿಟಿ ಮೇಷ್ಟ್ರು ಪಾಠ ಮಾಡಿದ್ದಾರೆ ಅಂತ ಕಾಣುತ್ತೆ, ಪಾಪ, ಟ್ರಾನ್ಸ್‌ಫರ್ ಜಾಸ್ತಿ ಆಗಿರಬೇಕು.

ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ. ನಕ್ಕಿದ್ದಷ್ಟೇ ಅಲ್ಲ, ಇದನ್ನೇ ನಂಬಿಕೊಂಡು ಹೆಸರು ಮಾಡಿದವನು ನಾನು. ಅರಸೀಕೆರೆ ತಾಲ್ಲೂಕಿನ ಹಳ್ಳಿಯಿಂದ ಬಂದು, ಕೆಲಸಕ್ಕೆ ಸೇರಿದ ಮೊದಲ ವರ್ಷ ಬಾಯಿಬಿಡೋಕೆ ಹೆದರುತ್ತಿದ್ದ ನಾನು ಮೊದಲ ಸಲ ನಾಲ್ಕು ಜನರ ನಡುವೆ ಹೀರೋ ಆಗಿದ್ದು ಕನಕಪುರ ರೋಡಿನ ಒಂದು ರೆಸಾರ್ಟಿನಲ್ಲಿ, ಟೀಮ್ ಔಟಿಂಗಿನ ರಾತ್ರಿ. ನಮ್ಮ ಪಿಟಿ ಮೇಷ್ಟ್ರು ಇಂಗ್ಲಿಷ್ ಪಾಠ ಮಾಡೋದನ್ನ ಮಿಮಿಕ್ರಿ ಮಾಡಿ ತೋರಿಸಿದೆ. ಬಿದ್ದು ಬಿದ್ದು ನಕ್ಕರು. ಆಮೇಲೆ ಪ್ರತಿ ಔಟಿಂಗಿಗೂ ಅದೇ ಡಿಮ್ಯಾಂಡು. ನನಗಾಗ ಹೊಳೆದಿರಲಿಲ್ಲ, ಈಗ ಹೊಳೆಯುತ್ತೆ: ಮೇಷ್ಟ್ರನ್ನ ಅಣಕಿಸಿದಷ್ಟೂ ನಾನು ಅವರಿಂದ ದೂರ ಇದೀನಿ, ನಿಮ್ಮ ಕಡೆಯವನು ಅಂತ ತೋರಿಸಿಕೊಳ್ಳೋಕೆ ಅನುಕೂಲ ಆಗ್ತಿತ್ತು. ಅದು ಎಂಟ್ರಿ ಟಿಕೆಟ್ಟು. ಟಿಕೆಟ್ಟಿನ ದುಡ್ಡು ಕೊಟ್ಟವರು ಮಾತ್ರ ಮೇಷ್ಟ್ರು.

ಆ ನಗು ನಿಂತಿದ್ದು ಒಂದು ಕಾನ್‌ಕಾಲಿನಲ್ಲಿ. ನಾನು ಕ್ಲೈಂಟಿಗೆ ಗಂಭೀರವಾಗಿ 'ವಿ ಹ್ಯಾವ್ ಪ್ರಿಪೋನ್ಡ್ ದಿ ರಿಲೀಸ್, ಪ್ಲೀಸ್ ಡೂ ದಿ ನೀಡ್‌ಫುಲ್' ಅಂದೆ. ಆ ಕಡೆ ಯಾರೋ ಮ್ಯೂಟ್ ಒತ್ತೋದು ಮರೆತಿದ್ದರು. 'ಪ್ರಿಪೋನ್ಡ್!' ಅಂತ ಒಂದು ದನಿ, ಹಿಂದೆ ಮೂರು ನಾಲ್ಕು ಜನರ ನಗು. ಥೇಟ್ ನಮ್ಮ ರೆಸಾರ್ಟಿನ ನಗುವೇ. ಏನು ಅಂತ ಗೊತ್ತಾಗದೇ ನಾನೂ ಹೆಹೆ ಅಂದೆ. ಸಂಜೆ ಕ್ಯಾಬಿನಲ್ಲಿ ಕೂತಾಗ ಗೊತ್ತಾಯ್ತು. ಅವರ ಊರಿನ ಇನ್‌ಬಾಕ್ಸಿನಲ್ಲೂ ಒಂದು ಪಟ್ಟಿ ಇರಬೇಕು, ಅದರಲ್ಲಿ ಮೇಷ್ಟ್ರ ಪಾತ್ರ ನಂದು.

ಅವತ್ತಿಂದ ಆ ಮೇಲನ್ನ ನಾನು ಡಿಬಗ್ ಮಾಡೋನ ಹಾಗೆ ಓದೋಕೆ ಶುರು ಮಾಡಿದೆ. ಓದಿ ನೋಡಿ ಸ್ವಾಮಿ, ಅದರಲ್ಲಿರೋ ಒಂದೊಂದು ತಪ್ಪಿಗೂ ಒಂದೊಂದು ಲಾಜಿಕ್ ಇದೆ. ಇಂಗ್ಲಿಷಿನವರ ವಿಂಡೋಗೆ ಡೋರ್ ಇರಲ್ಲ. ನಮ್ಮ ಕಿಟಕಿಗೆ ಬಾಗಿಲಿದೆ, ಅಜ್ಜನ ಕಾಲದಿಂದಲೂ ಇದೆ, 'ಕಿಟಕಿ ಬಾಗ್ಲು ಹಾಕೋ, ಸೊಳ್ಳೆ ಬರ್ತವೆ' ಅಂತ ನಮ್ಮವ್ವ ದಿನಾ ಸಂಜೆ ಕೂಗ್ತಾಳೆ. (ಏರ್‌ಫೋರ್ಸ್ ಮಾತ್ರ ನಮ್ಮಂಥ ಕೆಲಸವಿಲ್ಲದವರು ಯಾರೋ ಆಮೇಲೆ ಸೇರಿಸಿದ್ದು ಅಂತ ನನ್ನ ಗುಮಾನಿ.) ಎಷ್ಟು ಮಕ್ಕಳು ಸಾರ್ ಅಂದ್ರೆ, 'ಎರಡು, ಎರಡೂ ಹೆಣ್ಣು' ಅನ್ನೋದು ನಮ್ಮ ಮಾತಿನ ಧಾಟಿ, ಯಾಕಂದ್ರೆ 'ಮಕ್ಕಳು' ಅನ್ನೋ ಪದ ಗಂಡೂ ಅಲ್ಲ ಹೆಣ್ಣೂ ಅಲ್ಲ. ಇನ್ನು 'ಬೋತ್ ಆಫ್ ಯೂ ತ್ರೀ'. ಕನ್ನಡದಲ್ಲಿ ಇಬ್ಬರೂ, ಮೂವರೂ, ನಾಲ್ವರೂ, ನಲವತ್ತು ಜನರೂ, ಎಲ್ಲಕ್ಕೂ ಅದೇ ಒಂದು 'ಊ' ಸಾಕು. ಇಂಗ್ಲಿಷಿನವರು ಎರಡಕ್ಕೆ ಬೇರೆ, ಮೂರಕ್ಕೆ ಬೇರೆ ಪದ ಇಟ್ಟುಕೊಂಡು ಕೂತಿದ್ದಾರೆ. ಸ್ಕೇಲ್ ಆಗದ ಡಿಸೈನ್ ಯಾರದು ಅಂತ ನೀವೇ ಹೇಳಿ!

ನನಗೆ ಎಲ್ಲಕ್ಕಿಂತ ಇಷ್ಟ ಕ್ಯಾಲೆಂಡರಿನದು. 'ಹ್ಯಾಂಗ್ ದಿ ಕ್ಯಾಲೆಂಡರ್, ಆರ್ ಐ ವಿಲ್ ಹ್ಯಾಂಗ್ ಮೈಸೆಲ್ಫ್.' ಇದನ್ನ ಕನ್ನಡಕ್ಕೆ ವಾಪಸ್ ತಗೊಂಡು ಬನ್ನಿ: 'ನೀನು ನೇತು ಹಾಕ್ತೀಯೋ, ಇಲ್ಲಾ ನಾನೇ ಹಾಕ್ಲೋ?' ಎಷ್ಟು ಚೆನ್ನಾಗಿದೆ ನೋಡಿ! ಏನನ್ನು ಅಂತ ಎರಡನೇ ಸಲ ಹೇಳೋ ಅಗತ್ಯ ನಮಗಿಲ್ಲ, ಕಣ್ಣೆದುರಿಗೇ ಇದೆಯಲ್ಲ ಕ್ಯಾಲೆಂಡರು. ಇಂಗ್ಲಿಷಿನಲ್ಲಿ ಅದೊಂದು 'ಇಟ್' ಇಲ್ಲ ಅಂದಿದ್ದಕ್ಕೆ ಮನುಷ್ಯ ನೇಣಿಗೇ ಹೋಗಬೇಕು.

ಅಂದ್ರೆ ಆ ಪಟ್ಟಿಯಲ್ಲಿರೋನು ದಡ್ಡ ಅಲ್ಲ. ಕನ್ನಡದಲ್ಲಿ (ಅಥವಾ ತೆಲುಗಿನಲ್ಲಿ, ತಮಿಳಿನಲ್ಲಿ) ಸರಿಯಾಗಿ ಯೋಚನೆ ಮಾಡಿ, ತನಗೆ ಯಾರೂ ನೆಟ್ಟಗೆ ಕಲಿಸದ ಭಾಷೇಲಿ ಹೇಳೋಕೆ ಹೊರಟವನು. ನೀವು ನಾನು ದಿನಾ ಸ್ಟೇಟಸ್ ಮೀಟಿಂಗಿನಲ್ಲಿ ಮಾಡೋದು ಇನ್ನೇನು?

ಈಗ ನಮ್ಮ ಮೇಷ್ಟ್ರ ವಿಷಯಕ್ಕೆ ಬರ್ತೀನಿ. ಅವರು ಇಂಗ್ಲಿಷ್ ಮೇಷ್ಟ್ರೇ ಅಲ್ಲ. ನಮಗೆ ಎಬಿಸಿಡಿ ಶುರುವಾಗಿದ್ದೇ 5ನೇ ಕ್ಲಾಸಿನಲ್ಲಿ, ಸರ್ಕಾರಿ ಶಾಲೇಲಿ ಒಂದನೇ ಕ್ಲಾಸಿಗೇ ಇಂಗ್ಲಿಷ್ ಬಂದಿದ್ದು 2007ರಲ್ಲಿ. ನಾನು ಒಂಬತ್ತನೇ ಕ್ಲಾಸಿಗೆ ಬಂದಾಗ ಇದ್ದ ಇಂಗ್ಲಿಷ್ ಮೇಷ್ಟ್ರು ವರ್ಗ ಆಗಿ ಹೋದರು, ಆ ಜಾಗ ಎರಡು ವರ್ಷ ಖಾಲಿ. ಹೆಡ್‌ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಎಲ್ಲರನ್ನೂ ಕೇಳಿದರಂತೆ. ಒಬ್ಬರಿಗೆ ಲೆಕ್ಕ ಜಾಸ್ತಿ ಇತ್ತು, ಇನ್ನೊಬ್ಬರಿಗೆ ಬಿಪಿ ಇತ್ತು. ಕೊನೆಗೆ ಮಿಕ್ಕಿದ್ದು ಪಿಟಿ ಮೇಷ್ಟ್ರು. ಅವರು ಬಂದರು, ಕೊರಳಲ್ಲಿ ಸೀಟಿ ಹಾಕಿಕೊಂಡೇ.

ಅವರಿಗೆ ಗೊತ್ತಿದ್ದದ್ದು ಡ್ರಿಲ್ಲು, ಡ್ರಿಲ್ಲನ್ನೇ ಮಾಡಿಸಿದರು. ಗ್ರೌಂಡಿನಲ್ಲಿ ಸಾಲಾಗಿ ನಿಲ್ಲಿಸಿ, ಎಡಗಾಲು ಬಲಗಾಲು ಹಾಕಿಸುತ್ತಾ, 'ಐ ಗೋ, ಯೂ ಗೋ, ವಿ ಗೋ'. 'ಹೀ' ಅಂದ ಕೂಡಲೇ ಸೀಟಿ. ನಾವೆಲ್ಲಾ ಕಾಲು ಕುಟ್ಟಿ 'ಗೋಸ್!' ಅಂತ ಕಿರುಚಬೇಕು. 'ಡಿಡ್ ಅಂದ್ರೆ ಬ್ರೇಕು ಕಣ್ರುಲಾ, ಬ್ರೇಕ್ ಹಾಕಿದ್ಮೇಲೆ ಮುಂದಿನ್ ಗಾಡಿ ಹಿಂದಕ್ ಬರ್ಬೇಕು. ಡಿಡ್ ವೆಂಟ್ ಅಂದ್ರೆ ಆಕ್ಸಿಡೆಂಟು, ಡಿಡ್ ಗೋ ಅನ್ನು!' ಮತ್ತೆ ಸೀಟಿ. ಅವರು ಮಾತಾಡೋ ಇಂಗ್ಲಿಷು ಆ ಮೇಲಿನಲ್ಲಿ ಇದ್ದ ಹಾಗೇ ಇತ್ತು, ಒಪ್ಪಿಕೊಳ್ತೀನಿ. ಆದರೆ ಎಸ್ ಎಲ್ಲಿ ಬರುತ್ತೆ, ಡಿಡ್ ಆದಮೇಲೆ ಏನು ಬರುತ್ತೆ ಅನ್ನೋದು ನಮ್ಮ ಕಾಲಿಗೆ ಗೊತ್ತಾಗಿಬಿಟ್ಟಿತ್ತು, ತಲೆಗೆ ಆಮೇಲೆ ಗೊತ್ತಾಯ್ತು. ಹತ್ತನೇ ಕ್ಲಾಸಿನ ಕೊನೇ ಎರಡು ತಿಂಗಳು ಹುಡುಗರನ್ನೆಲ್ಲಾ ಸ್ಕೂಲಲ್ಲೇ ಮಲಗಿಸಿಕೊಂಡು, ಬೆಳಗಿನ ಜಾವ ನಾಲ್ಕಕ್ಕೆ ಅದೇ ಸೀಟಿ ಊದಿ ಎಬ್ಬಿಸುತ್ತಿದ್ದರು. ಓವರ್‌ಟೈಮು ಕೊಡ್ತಿದ್ರಾ? ಟೀ ಪುಡಿ, ಸಕ್ಕರೇನೂ ಅವರ ಮನೇದೇ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಫೇಲು ಅಂದ್ರೆ ಒಂದೋ ಲೆಕ್ಕ, ಇಲ್ಲಾ ಇಂಗ್ಲಿಷು. ಆ ವರ್ಷ ಇಂಗ್ಲಿಷಿನಲ್ಲಿ 35ರ ಗೆರೆ ದಾಟಿಸಿದ್ದರಿಂದ ಎಷ್ಟು ಜನ ಹೊಲದಿಂದ ವಾಪಸ್ ಕಾಲೇಜಿಗೆ ಬಂದರು ಅಂತ ನನಗೆ ಗೊತ್ತು, ಅವರಲ್ಲಿ ನಾನೂ ಒಬ್ಬ. ಅಲ್ಲಿಂದ ಪಿಯುಸಿ, ಸಿಇಟಿ, ಬಿಇ, ಈ ಕ್ಯೂಬಿಕಲ್ಲು.

'ಅಯ್ಯೋ ಜೋಕನ್ನ ಜೋಕಾಗಿ ತಗೋ ಗುರು' ಅಂತೀರಿ. ತಗೋತೀನಿ, ಕೊಡೋದಾದರೆ ಒಳ್ಳೇದು ಕೊಡಿ. ಹೈಸ್ಕೂಲಲ್ಲಿ ಜೋಕಿಗೆ ಬರವೇ? ಸಮಾಜ ಪರೀಕ್ಷೆಯಲ್ಲಿ ಯಾವ ರಾಜನ ಬಗ್ಗೆ ಕೇಳಿದರೂ ಬರೆಯೋಕೆ ನಮ್ಮ ಹತ್ರ ಒಂದು ರೆಡಿಮೇಡ್ ಉತ್ತರ ಇತ್ತಲ್ಲ, 'ರಸ್ತೆಯ ಇಕ್ಕೆಲಗಳಲ್ಲಿ ಸಾಲುಮರಗಳನ್ನು ನೆಡಿಸಿದನು, ಕೆರೆಕಟ್ಟೆಗಳನ್ನು ಕಟ್ಟಿಸಿದನು'. ಅಶೋಕನಿಗೂ ಅದೇ, ಅಕ್ಬರನಿಗೂ ಅದೇ. ನನ್ನ ಪಕ್ಕದಲ್ಲಿ ಕೂತವನು ಅದನ್ನ ಹಿಟ್ಲರನಿಗೂ ಬರೆದ. ಮೇಷ್ಟ್ರು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, 'ಗಿಡ ನೆಟ್ಟಿದ್ದಕ್ಕೆ ಅರ್ಧ ಮಾರ್ಕ್ಸು' ಅಂತ ಹಾಕಿದರು. ಬರೆದವನೂ ನಕ್ಕ, ಮೇಷ್ಟ್ರೂ ನಕ್ಕರು. ಇವತ್ತು ಅವನು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡ್ತಾನೆ, ಸಿಕ್ಕಿದಾಗೆಲ್ಲಾ ತಾನೇ ಹೇಳಿಕೊಂಡು ನಗ್ತಾನೆ.

ಅದಕ್ಕಿಂತ ಹಳೇದು ಶಿವಧನುಸ್ಸಿನದು. ಇನ್‌ಸ್ಪೆಕ್ಟರು ಬಂದು ಶಿವಧನುಸ್ಸು ಮುರಿದವರು ಯಾರು ಅಂತಾರೆ, ಹುಡುಗ 'ನಾನಲ್ಲ ಸಾರ್' ಅಂತಾನೆ, ಮೇಷ್ಟ್ರು 'ಅವನು ಅಂಥೋನಲ್ಲ ಸಾರ್' ಅಂತಾರೆ, ಹೆಡ್‌ಮೇಷ್ಟ್ರು ವಿಚಾರಣೆ ಮಾಡಿಸ್ತೀನಿ ಅಂತಾರೆ, ಕೊನೆಗೆ ಇಲಾಖೆಯಿಂದ ಹೊಸಾ ಧನುಸ್ಸಿಗೆ ಹಣ ಮಂಜೂರಾಗುತ್ತೆ. ಎಷ್ಟು ಸಲ ಕೇಳಿದರೂ ನಗು ಬರುತ್ತೆ. ನಗು ಹುಡುಗನಿಂದ ಶುರುವಾಗಿ ಮೆಟ್ಟಿಲು ಹತ್ತಿಕೊಂಡು ಮೇಲಕ್ಕೆ ಹೋಗುತ್ತೆ, ಕುರ್ಚಿ ದೊಡ್ಡದಾದಷ್ಟೂ ಪೆದ್ದುತನ ದೊಡ್ಡದು. ನಮ್ಮ ಎಫ್‌ಡಬ್ಲ್ಯೂ ಜೋಕು ಮೆಟ್ಟಿಲು ಹತ್ತೋದೇ ಇಲ್ಲ. ಗ್ರೌಂಡ್ ಫ್ಲೋರಿನಲ್ಲಿ ಯಾರು ಕೈಗೆ ಸಿಗ್ತಾರೋ ಅವರಿಗೇ ತದುಕುತ್ತೆ.

ಇನ್ನೊಂದು ವಾದ ಇದೆ, ಅದು ಹಗುರದ್ದಲ್ಲ. 'ಇಂಥವರು ಕಲಿಸಿದ್ದಕ್ಕೇ ಹಳ್ಳಿ ಹುಡುಗರು ಹಾಳಾಗೋದು' ಅಂತ ಒಬ್ಬ ಗೆಳೆಯ ಮುಖಕ್ಕೇ ಹೇಳಿದ. ನೋವು ಪಟ್ಟವನು ನಾನು, ನನಗೆ ಹೇಳಿಕೊಡಬೇಡಪ್ಪಾ ಅಂದೆ. ಫಸ್ಟ್ ಪಿಯುಸಿಯಲ್ಲಿ 'ಇನರ್ಷಿಯಾ' ಅಂದಾಗ ಅದು ನನಗೆ ಚೆನ್ನಾಗಿ ಗೊತ್ತಿರೋ ಜಡತ್ವವೇ ಅಂತ ತಿಳಿಯೋಕೆ ಒಂದು ವಾರ ಆಯ್ತು. ರಾಂಬಸ್ ಅಂದ್ರೆ ವಜ್ರಾಕೃತಿ, ಎಲ್‌ಸಿಎಂ ಅಂದ್ರೆ ಲಸಾಅ. ಮೂರು ತಿಂಗಳು ಕೊನೇ ಬೆಂಚಿನಲ್ಲಿ ಕೂತು, ರಾತ್ರಿ ಹಾಸ್ಟೆಲಿನ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತವನು ನಾನು. ಸಿಟ್ಟು ನನಗೂ ಇದೆ. ಆದರೆ ಎರಡು ವರ್ಷ ಒಂದು ಹುದ್ದೆ ಖಾಲಿ ಬಿಟ್ಟವರ ಬಗ್ಗೆ ನಿಮ್ಮ ಇನ್‌ಬಾಕ್ಸಿನಲ್ಲಿ ಒಂದಾದರೂ ಜೋಕು ಇದೆಯಾ, ಹುಡುಕಿ ಕೊಡಿ. ಖಾಲಿ ಕುರ್ಚಿ ಬಾಯಿ ಬಿಡಲ್ಲ, ತಪ್ಪು ಇಂಗ್ಲಿಷ್ ಮಾತಾಡಲ್ಲ, ಅದಕ್ಕೇ ಅದು ಪಟ್ಟಿಯಲ್ಲಿಲ್ಲ. ಬಿಪಿ ಇದೆ ಅಂದವರೂ ಪಟ್ಟಿಯಲ್ಲಿಲ್ಲ. ಬಂದು ಬಾಯಿ ಬಿಟ್ಟವರು ಸಿಕ್ಕಿಬಿದ್ದರು.

ಅದಿರಲಿ. ಶುಕ್ರವಾರದ ವಿಷಯಕ್ಕೆ ಬರೋಣ. ಆ ಮೇಲಿಗೆ ನಾನು ಜೀವಮಾನದಲ್ಲಿ ಮೊದಲ ಸಲ 'ರಿಪ್ಲೈ ಆಲ್' ಒತ್ತಿದೆ. ನಮ್ಮದೇ ಟೀಮಿನ ಹಳೇ ಮೇಲುಗಳನ್ನ ಜಾಲಾಡಿ, ಹೆಸರು ತೆಗೆದು, ಹತ್ತು ವಾಕ್ಯ ಆರಿಸಿ, 'ಆಫೀಸ್ ಡೇಸ್, ಮಸ್ಟ್ ರೀಡ್' ಅಂತ ತಲೆಬರಹ ಕೊಟ್ಟು ಕಳಿಸಿದೆ. 'ಪ್ಲೀಸ್ ಡಿಸ್ಕಸ್ ಅಬೌಟ್ ದಿಸ್ ಅಂಡ್ ರಿವರ್ಟ್ ಬ್ಯಾಕ್.' 'ಐ ವಿಲ್ ಕಮ್ ಲೇಟ್ ಆಸ್ ಮೈ ಬೈಕ್ ಈಸ್ ಸಫರಿಂಗ್ ಫ್ರಮ್ ಪಂಕ್ಚರ್.' 'ದಿ ಸರ್ವರ್ ಈಸ್ ಸ್ಲೀಪಿಂಗ್ ಸಿನ್ಸ್ ಮಾರ್ನಿಂಗ್.' ನಾಲ್ಕನೆಯದು ನಂದೇ, ಯಾವುದು ಅಂತ ಇಲ್ಲಿ ಹೇಳಲ್ಲ.

ಅರ್ಧ ಗಂಟೆ ಯಾರೂ ಉಸಿರೆತ್ತಲಿಲ್ಲ. ಗುಂಟೂರಿನವನು ಕ್ಯೂಬಿಕಲ್ ಗೋಡೆ ಮೇಲಿಂದ ತಲೆ ಎತ್ತಿ ನನ್ನನ್ನ ನೋಡಿ, ಮತ್ತೆ ಇಳಿಸಿದ. ಸರ್ವರ್ ಮಲಗಿಸಿದವನು ಅವನೇ. ಆಮೇಲೆ ಮೇಲಿನಿಂದ, ಅಂದ್ರೆ ಐದನೇ ಮಹಡಿಯಿಂದ, ಎಲ್ಲರಿಗೂ ಸಿಸಿ ಹಾಕಿ, ನಮ್ಮ ಮ್ಯಾನೇಜರ್ ಉತ್ತರ ಬಂತು:

'ಹಹ್ಹಾ, ಗುಡ್ ಒನ್. ವೇರ್ ಡಿಡ್ ಯೂ ಗಾಟ್ ದಿಸ್?'

ನನ್ನ ಎಡಗಾಲು ತನ್ನಷ್ಟಕ್ಕೆ ತಾನೇ ಟೇಬಲ್ಲಿನ ಕೆಳಗೆ ಒಂದು ಸಲ ಕುಟ್ಟಿತು.