ಒಳಗೆ ಸುರಿಯುವ ಮಳೆ

ಪುನರ್ವಸು ಮಳೆ ಹಿಡಿದಿದ್ದ ದಿನಗಳಲ್ಲಿ, ಕಳಸದ ಸಮೀಪದ ಮುಳ್ಳೋಡಿಯಿಂದ ಹೊರಟು ಕುದುರೆಮುಖದ ಶಿಖರವನ್ನೇರುತ್ತಿದ್ದ ನಾನು, ಹದಿನೈದು ಸಾವಿರ ರೂಪಾಯಿ ತೆತ್ತು ಕೊಂಡ, ಸುತ್ತಿದರೆ ಮುಷ್ಟಿಯಲ್ಲಿ ಅಡಗುವ, ತೂಕದಲ್ಲಿ 180 ಗ್ರಾಮನ್ನು ಮೀರದ ಮಳೆಜಾಕೆಟ್ಟೊಂದನ್ನು, ಹೊಸ ಬಟ್ಟೆ ತೊಟ್ಟ ಬಾಲಕನ ಹೆಮ್ಮೆಯಿಂದಲೇ ಧರಿಸಿದ್ದೆನೆಂದು ಒಪ್ಪಿಕೊಳ್ಳುತ್ತೇನೆ. ಒಂದೂವರೆ ಗಂಟೆ ಏರಿದ ಮೇಲೆ ಒಂದು ಮರದಡಿ ನಿಂತು ಅದನ್ನು ಕಳಚಹೋದರೆ, ತೋಳುಗಳು ಚರ್ಮಕ್ಕೆ ಅಂಟಿಕೊಂಡು ಒಳಮೈ ಹೊರಗಾಗಿ ಬಂದುವು. ಒಳಗಿನ ಅಂಗಿಯನ್ನು ಹಿಂಡಿದಾಗ ನೀರು ಧಾರೆಯಾಗಿ ಇಳಿಯಿತು. ದಾರಿ ತೋರಿಸಲು ಜೊತೆಗೆ ಬಂದಿದ್ದ ಊರಿನ ಹಿರಿಯರು ಕಾಲಿನ ಉಂಬಳಕ್ಕೆ ಸುಣ್ಣ ಮುಟ್ಟಿಸುತ್ತ, “ಎಂತ ಮಾರಾಯ್ರೆ, ನಿಮ್ಮ ಕೋಟಿನ ಒಳಗೇ ಮಳೆ ಬಂದಿದೆಯಲ್ಲ!” ಎಂದು ನಕ್ಕರು. ಹೊರಗಿನ ಒಂದು ಹನಿಯನ್ನೂ ಆ ಜಾಕೆಟ್ಟು ಒಳಗೆ ಬಿಟ್ಟಿರಲಿಲ್ಲವೆಂಬುದು ಸತ್ಯ. ನನ್ನ ಬೆವರಿನ ಒಂದು ಹನಿಯನ್ನೂ ಅದು ಹೊರಗೆ ಬಿಟ್ಟಿರಲಿಲ್ಲವೆಂಬುದು ಅಷ್ಟೇ ಸತ್ಯ.

ಮಳೆಯ ಉಡುಪನ್ನು ಕುರಿತ ನಮ್ಮ ವಿಮರ್ಶೆಯೆಲ್ಲ ಹೊರಗಿನ ನೀರನ್ನೇ ನೋಡುತ್ತದೆ. ಗ್ಲಾಸ್ಗೋ ನಗರದ ರಸಾಯನಜ್ಞ ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ಎರಡು ಬಟ್ಟೆಗಳ ನಡುವೆ ನಾಫ್ತಾದಲ್ಲಿ ಕರಗಿಸಿದ ರಬ್ಬರನ್ನು ಬಳಿದು ಪೇಟೆಂಟು ಪಡೆದಂದಿನಿಂದ ನೀರನ್ನು ತಡೆಯುವ ವಿದ್ಯೆ ಮನುಷ್ಯನಿಗೆ ಕರಗತವಾಗಿದೆ. ಬೆವರನ್ನು ಹೊರಹಾಕುವ ವಿದ್ಯೆಗಾದರೋ 1969ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕದ ಬಾಬ್ ಗೋರ್, ಟೆಫ್ಲಾನ್ ಜಾತಿಯ ವಸ್ತುವನ್ನು ಒಮ್ಮೆಗೇ ಜಗ್ಗಿ ಎಳೆದು ಸೂಕ್ಷ್ಮಾತಿಸೂಕ್ಷ್ಮ ರಂಧ್ರಗಳ ಪೊರೆಯಾಗಿಸಿದನು. ನೀರಿನ ಹನಿ ನುಗ್ಗಲಾರದ, ಆದರೆ ಆವಿ ಸಲೀಸಾಗಿ ದಾಟಬಲ್ಲ ಆ ಪೊರೆಯ ಸಂತತಿಗಳೇ ಇಂದು ಅಂಗಡಿಯಲ್ಲಿ ‘ಉಸಿರಾಡುವ ಜಾಕೆಟ್ಟು’ಗಳೆಂಬ ಹೆಸರಿನಲ್ಲಿ ತೂಗಾಡುತ್ತಿವೆ.

ಆ ಉಸಿರಾಟವನ್ನು ಚೀಟಿಯಲ್ಲಿ ಅಂಕಿಯಾಗಿ ಬರೆದಿರುತ್ತಾರೆ. ನೀರು ತಡೆಯುವ ಶಕ್ತಿ 10,000 ಮಿಲಿಮೀಟರ್ ಎಂದರೆ ಬಟ್ಟೆಯ ಮೇಲೆ ಹತ್ತು ಮೀಟರ್ ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಸೋರದೆಂದು ಅರ್ಥ. ಆಗುಂಬೆಯ ಜಡಿಮಳೆಗೂ ಅದು ಧಾರಾಳವಾಯಿತು. ಆವಿ ಹೊರಹಾಕುವ ಶಕ್ತಿ 10,000 ಗ್ರಾಂ ಎಂದಿದ್ದರೆ, ಒಂದು ಚದರ ಮೀಟರ್ ಬಟ್ಟೆಯು 24 ಗಂಟೆಗಳಲ್ಲಿ ಹತ್ತು ಕಿಲೋ ಆವಿಯನ್ನು ದಾಟಿಸುತ್ತದೆಂದು ಲೆಕ್ಕ. ಕೇಳಲು ಬಹು ದೊಡ್ಡದಾದ ಈ ಸಂಖ್ಯೆಯನ್ನು ಇಪ್ಪತ್ನಾಲ್ಕರಿಂದ ಭಾಗಿಸಿ ನೋಡಿದರೆ ಗಂಟೆಗೆ ದಕ್ಕುವುದು ಸುಮಾರು 417 ಗ್ರಾಂ; ಓಡುವವನ ದೇಹವಾದರೋ ಗಂಟೆಗೆ ಒಂದು ಲೀಟರ್ ಬೆವರನ್ನು ಸುಲಭವಾಗಿ ಸುರಿಸಬಲ್ಲುದು. ಅದೂ ಪ್ರಯೋಗಶಾಲೆಯ ಅನುಕೂಲಸ್ಥಿತಿಯ ಲೆಕ್ಕ, ಒಂದೊಂದು ಕಂಪನಿ ಒಂದೊಂದು ವಿಧಾನದಿಂದ ಅಳೆದದ್ದು. ಆದುದರಿಂದ ಒಂದರ ಚೀಟಿಯನ್ನು ಇನ್ನೊಂದರ ಚೀಟಿಯೊಡನೆ ಹೋಲಿಸುವುದೂ ಸಲ್ಲ.

ಇದಕ್ಕಿಂತ ಮುಖ್ಯವಾದ ಮಾತು ನಮ್ಮ ಹವೆಯದು. ಆವಿಯು ತೇವ ಹೆಚ್ಚಿರುವಲ್ಲಿಂದ ಕಡಮೆಯಿರುವಲ್ಲಿಗೆ ಹರಿಯತಕ್ಕದ್ದು. ಹೊರಗೆ ಶೀತವೂ ಶುಷ್ಕವೂ ಆದ ಗಾಳಿಯಿರುವ ಹಿಮಾಲಯದ ಎತ್ತರದಲ್ಲಿ ಈ ಪೊರೆ ತನ್ನ ಧರ್ಮವನ್ನು ಚೆನ್ನಾಗಿಯೇ ಪಾಲಿಸುತ್ತದೆ. ಆದರೆ ಜುಲೈ ತಿಂಗಳ ಮಲೆನಾಡಿನಲ್ಲಿ, ಗೋಡೆಗೆ ಬೂಷ್ಟು ಹತ್ತಿ, ಉಪ್ಪಿನ ಡಬ್ಬಿಯಲ್ಲಿ ನೀರೊಡೆದು, ಒಣಹಾಕಿದ ಪಂಚೆ ಮೂರನೆಯ ದಿನಕ್ಕೂ ತಣ್ಣಗಿರುವ ಕಾಲದಲ್ಲಿ, ಹೊರಗಿನ ಗಾಳಿಯೇ ತೇವದಿಂದ ತುಂಬಿ ತುಳುಕುತ್ತಿರುವಾಗ ಒಳಗಿನ ಆವಿ ಹೋಗುವುದಾದರೂ ಎಲ್ಲಿಗೆ? ಅದರ ಮೇಲೆ, ಹೊರಬಟ್ಟೆಗೆ ಹಾಕಿದ ನೀರು ಜಾರಿಸುವ ಲೇಪ ಸವೆದಾಗ ಬಟ್ಟೆ ನೀರು ಕುಡಿದು ಪೊರೆಯ ಬಾಯನ್ನೇ ಮುಚ್ಚುತ್ತದೆ. ಒಗೆದು ಹದವಾದ ಶಾಖ ಕೊಟ್ಟರೆ ಲೇಪ ಕೊಂಚ ಚೇತರಿಸಿಕೊಳ್ಳುವುದೆಂಬುದನ್ನು ಅಂಗಡಿಯವರು ಹೇಳುವುದು ಅಪರೂಪ.

ನಮ್ಮ ಹಿಂದಿನವರ ಗೊರಬನ್ನು ನೆನೆಯದೆ ಇಲ್ಲಿ ಮುಂದೆ ಹೋಗಲಾಗದು. ಬಿದಿರಿನ ಹೆಣಿಗೆಯ ನಡುವೆ ಎಲೆಗಳನ್ನು ಸೇರಿಸಿ, ತಲೆಯಿಂದ ಸೊಂಟದ ಕೆಳಗಿನವರೆಗೆ ಬೆನ್ನನ್ನು ಮಾತ್ರ ಮುಚ್ಚುವಂತೆ ಕಟ್ಟಿದ ಅದನ್ನು ಹೊತ್ತು ಬಗ್ಗಿ ನಾಟಿ ಮಾಡುವ ಹೆಂಗಸಿಗೆ ಮೇಲಿಂದ ಮಳೆ ತಾಗದು, ಎದುರಿನಿಂದ ಗಾಳಿ ತಪ್ಪದು. ಗೊರಬು ಹೊತ್ತು ಶಿಖರವೇರಿರೆಂದು ನಾನು ಹೇಳುತ್ತಿಲ್ಲ. ಬೋಳುಗುಡ್ಡದ ಗಾಳಿ ಅದನ್ನು ಹೊತ್ತವನೊಡನೆಯೇ ಹಾರಿಸೀತು. ಆದರೆ ಅದನ್ನು ಕಟ್ಟಿದವರಿಗೆ ಗಾಳಿಗೆ ದಾರಿ ಬಿಡಬೇಕೆಂಬುದು ತಿಳಿದಿತ್ತು.

ಆದಕಾರಣ ನನ್ನ ಅಭಿಪ್ರಾಯ ಹೀಗಿದೆ: ಮಲೆನಾಡಿನ ಚಾರಣಕ್ಕಾಗಿ ಜಾಕೆಟ್ಟು ಕೊಳ್ಳುವವನು ಪೊರೆಯ ಹೆಸರಿಗೆ ಹಣ ಸುರಿಯದೆ, ಕಂಕುಳಡಿಯಲ್ಲಿ ಉದ್ದಕ್ಕೂ ತೆರೆಯುವ ಜಿಪ್ಪು ಇದೆಯೇ, ಹೊಲಿಗೆಗಳಿಗೆಲ್ಲ ಒಳಗಿನಿಂದ ಟೇಪು ಅಂಟಿಸಿದೆಯೇ, ಟೋಪಿಯು ತಲೆ ತಿರುಗಿಸಿದಾಗ ಜೊತೆಗೇ ತಿರುಗುವುದೇ ಎಂಬ ಮೂರನ್ನು ನೋಡಲಿ. ತೀರ ಹಗುರವಾದದ್ದು ಚೀಲದ ಪಟ್ಟಿ ಉಜ್ಜುವ ಭುಜದಲ್ಲಿ ಬೇಗ ಸವೆಯುವುದು, ಕಾರೆಮುಳ್ಳಿಗೆ ಒಂದೇ ಏಟಿಗೆ ಸೀಳುವುದು. ಐವತ್ತು ಗ್ರಾಂ ಹೆಚ್ಚು ಹೊತ್ತರೆ ನಷ್ಟವಿಲ್ಲ. ಓಡುವವರಂತೂ ಓಡುವಾಗ ತೊಡಲೇಬಾರದು. ಹೇಗೂ ತೋಯುವ ಮೈ ಮಳೆಯಲ್ಲೇ ತೋಯಲಿ. ಓಟ ನಿಂತು ಮೈ ಆರತೊಡಗಿ, ಗುಡ್ಡದ ನೆತ್ತಿಯ ಗಾಳಿಗೆ ಹಲ್ಲು ಕಟಕಟಿಸುವ ಹೊತ್ತಿಗೆ, ಸೊಂಟದ ಚೀಲದಿಂದ ಅದನ್ನು ತೆಗೆದು ಹಾಕಿಕೊಳ್ಳಲಿ.

ನನ್ನ ಹದಿನೈದು ಸಾವಿರದ ಜಾಕೆಟ್ಟನ್ನು ಈಗ ಬೆಂಗಳೂರಿನಲ್ಲಿ ಸ್ಕೂಟರಿನ ಮೇಲೆ ಕಚೇರಿಗೆ ಹೋಗುವಾಗ ತೊಡುತ್ತೇನೆ. ಕುಳಿತು ಸಾಗುವವನಿಗೆ ಬೆವರಿಲ್ಲವಾದುದರಿಂದ, ಅಲ್ಲಿ ಅದು ಇದುವರೆಗೆ ಒಂದು ದಿನವೂ ನನ್ನನ್ನು ತೋಯಿಸಿಲ್ಲ.